ಕಡಲಿನ ಗೌಂಡಿ

ನಮ್ಮ ಮನೆಯ ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲೊಂದು ಇರುವದು. ಬೈಲಹೊಂಗಲದ ಎರೆಯ ನೆಲದಲ್ಲಿ ಇಂಥ ಕಲ್ಲು ದೊರೆಯತಕ್ಕದ್ದಲ್ಲ. ನಮ್ಮ ಅಜ್ಜನವರು ತಮ್ಮ ಪ್ರಾಯದ ಕಾಲದಲ್ಲಿ ಸವದತ್ತಿಯ ಗುಡ್ಡದ ಕಡೆಯಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದರೆಂದು ಮನೆಯ ಹಿರಿಯರು ಹೇಳುವರು. ಉದ್ದ ಮೂರು ಮೊಳ, ಅಗಲ ಒಂದೂವರೆ ಮೊಳ, ಬಣ್ಣ ನಸುಗೆಂಪು. ಅದರ ಮೈಮೇಲೆ ಅಡ್ಡಡ್ಡವಾಗಿ, ಒಂದರ ಹಿಂದೊಂದು, ಬೆರಳುದಪ್ಪದ ಏಣುಗಳು ಎದ್ದಿರುವವು. ಕೆರೆಯ ನೀರಿನ ಮೇಲೆ ಗಾಳಿ ಬೀಸಿದಾಗ ಏಳುವ ಕಿರುದೆರೆಗಳು ನಿಂತಲ್ಲಿಯೇ ಕಲ್ಲಾದಂತೆ ನೋಡಿದವರಿಗೆ ತೋರುವದು. ಅರಿವೆ ತಿಕ್ಕುವದಕ್ಕೆ ಈ ಏಣುಗಳು ಬಹಳ ಅನುಕೂಲವಾದ್ದರಿಂದ ನಮ್ಮ ಮನೆಯ ಹೆಂಗಸರು ಮೂರು ತಲೆಮಾರು ಈ ಕಲ್ಲನ್ನು ಬಿಟ್ಟುಕೊಟ್ಟಿರಲಿಲ್ಲ. ಈ ಏಣುಗಳು ಹೇಗೆ ಉಂಟಾದವೆಂದು ಮಾತ್ರ ಯಾರೂ ಕೇಳಿರಲಿಲ್ಲ. ಕಲ್ಲು ಕಲ್ಲೇ, ಅದಕ್ಕೆ ಕಾರಣವನ್ನೇನು ಕೇಳುವದು?

ಕೆಲವು ವರ್ಷಗಳ ಹಿಂದೆ ಮನೆಗೆ ಅರಿವೆ ಒಗೆಯುವ ಯಂತ್ರ ಬಂದಿತು. ಕಲ್ಲು ಮೂಲೆಗೆ ಬಿದ್ದಿತು. ಹೋದ ವರ್ಷ ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಸಬೇಕೆಂದು ಕೆಲಸ ಹಿಡಿದಾಗ ಗೌಂಡಿಯು ಆ ಕಲ್ಲನ್ನು ಕಾಲಿನಿಂದ ತಟ್ಟಿ ನೋಡಿ, "ಇದನ್ನ ಒಡದು ಬುನಾದಿಗಿ ಹಾಕೂಣ್ರಿ. ಇಂಥಾ ಗಟ್ಟಿ ಕಲ್ಲು ಈಗ ಎಲ್ಲಿ ಸಿಗತೈತ್ರಿ?" ಎಂದನು. ಹೇಗಾದರೂ ಅದು ಕೋಣೆಯ ಗೋಡೆ ಬರುವ ಜಾಗದಲ್ಲಿಯೇ ಇದ್ದಿತು. ನಾನು ಆಗಲೆಂದು ತಲೆಯಾಡಿಸಿದೆನು. ನಮ್ಮ ಅವ್ವ ಏನೂ ಅನ್ನದೆ ಒಳಗೆ ಹೋದಳು.

ಅದೇ ವಾರದಲ್ಲಿ ನಮ್ಮ ಅಕ್ಕನ ಮಗನಿಂದ ಒಂದು ಚಿತ್ರ ಬಂದಿತು. ಅವನು ಇಂಗ್ಲಂಡದಲ್ಲಿ ಎಲುವಿನ ಡಾಕ್ಟರನಾಗಿರುವನು. ರಜೆಯಲ್ಲಿ ಕಾರ್ನವಾಲ್ ಪ್ರಾಂತದ ಡಕ್‌ಪೂಲ್ ಎಂಬ ಸಮುದ್ರತೀರಕ್ಕೆ ಹೋಗಿದ್ದಾಗ, ಇಳಿತದ ಹೊತ್ತಿನಲ್ಲಿ ತೆಗೆದ ಚಿತ್ರವದು. ಬಂಡೆಗಳಿಗೆ ಹತ್ತಿಕೊಂಡು ಕಂದುಬಣ್ಣದ ದೊಡ್ಡ ದೊಡ್ಡ ಗುಪ್ಪೆಗಳು. ಗುಪ್ಪೆಗಳ ತುಂಬ ಒತ್ತೊತ್ತಾಗಿ ಸಾವಿರಾರು ತೂತುಗಳು. ಅವ್ವ ಕನ್ನಡಕವನ್ನೇರಿಸಿಕೊಂಡು ನೋಡಿ, "ಇದು ಜೇನಹುಟ್ಟಲ್ಲೇನೋ? ಸಮುದ್ರದಾಗ ಜೇನು ಹ್ಯಾಂಗ ಬಂತು?" ಎಂದು ಕೇಳಿದಳು. ಚಿತ್ರದ ಕೆಳಗೆ ಹುಡುಗನು ಬರೆದಿದ್ದನು: "ಮಾಮಾ, ಇದು ಉಸುಕಿನ ಮನಿ. ಕಟ್ಟಿದ್ದು ಒಂದು ಹುಳ. ಮುರದ ಎಲುವು ಕೂಡಸೂ ನಾವು ಈ ಹುಳದ ಹತ್ರ ಕಲಿಯೂದು ಭಾಳ ಐತಿ. ಆಯೀಗೆ ತೋರಸ್ರಿ."

ಹುಳವು ಮನೆ ಕಟ್ಟುವದು ನಮಗೆ ಹೊಸ ಸಂಗತಿಯಲ್ಲ. ಗೆದ್ದಲು ಹುತ್ತ ಕಟ್ಟುವದನ್ನು ಹೊಲದ ಬದುವಿನಲ್ಲಿ ಕಂಡಿದ್ದೇವೆ. ಕಣಜದ ಹುಳವು ಕೆಸರಿನ ಉಂಡೆಗಳನ್ನು ತಂದು ದೇವರಕೋಣೆಯ ಗೋಡೆಗೆ ಮೆತ್ತುವದನ್ನು ಕಂಡು, ಬಸುರಿ ಇದ್ದ ಮನೆಯಲ್ಲಿ ಅದನ್ನು ಕೆಡಿಸಬಾರದೆಂದು ಹಿರಿಯರು ಹೇಳಿದ್ದನ್ನೂ ಕೇಳಿದ್ದೇವೆ. ಆದರೆ ಇವೆಲ್ಲ ಒಣನೆಲದ ಕೆಲಸಗಳು. ತೆರೆಗಳು ಹಗಲಿರುಳು ಅಪ್ಪಳಿಸುವ ಬಂಡೆಯ ಮೇಲೆ, ನೀರೊಳಗೆ, ಸಡಿಲಾದ ಉಸುಕಿನಿಂದ ಮನೆ ಕಟ್ಟುವದೆಂದರೆ ಮಾತು ಬೇರೆ. ಮಕ್ಕಳು ಕಡಲದಂಡೆಯಲ್ಲಿ ಕಟ್ಟಿದ ಉಸುಕಿನ ಗುಡಿಯು ಒಂದು ತೆರೆಗೆ ಉಳಿಯುವದಿಲ್ಲ. ಹುಳದ ಮನೆ ವರ್ಷಗಟ್ಟಲೆ ಉಳಿಯುವದು. ಇದು ಹೇಗೆಂಬ ಕುತೂಹಲದಿಂದ ನಾನು ಹುಡುಗನಿಂದ ಕೆಲವು ಬರಹಗಳನ್ನು ತರಿಸಿಕೊಂಡು ಓದಿದೆನು. ಓದಿ ತಿಳಿದದ್ದನ್ನು ವಾಚಕರ ಮುಂದಿಡುವೆನು.

ಈ ಹುಳಕ್ಕೆ ಶಾಸ್ತ್ರಜ್ಞರು ಸಾಬೆಲ್ಲಾರಿಯಾ ಆಲ್ವಿಯೊಲಾಟಾ ಎಂದು ಕರೆಯುವರು. ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1767ರಲ್ಲಿ ಇದನ್ನು ವರ್ಣಿಸಿದಾಗಲೇ ಸಣ್ಣ ಸಣ್ಣ ಗುಳಿಗಳುಳ್ಳದ್ದೆಂಬ ಅರ್ಥದ ಆ ಹೆಸರಿನ ಕೊನೆಯ ಮಾತನ್ನು ಇಟ್ಟನು. ಇಂಗ್ಲಂಡದ ಬೆಸ್ತರು ಇದನ್ನು ಜೇನುಹುಟ್ಟಿನ ಹುಳವೆನ್ನುವರಂತೆ. ಎಂದ ಮೇಲೆ ಓದುಬರಹ ಹೆಚ್ಚಾಗಿ ಬಾರದ ನಮ್ಮ ಅವ್ವನ ಕಣ್ಣು ಅವರ ಕಣ್ಣಿಗಿಂತ ಕಡಿಮೆಯದಲ್ಲ. ನಮ್ಮ ಹೊಲದ ಎರೆಹುಳಕ್ಕೆ ಇದು ದೂರದ ದಾಯಾದಿ. ಎರಡರ ಮೈಯೂ ಉಂಗುರಗಳನ್ನು ಜೋಡಿಸಿದಂತಿರುವದು. ಉದ್ದ ಮೂರು-ನಾಲ್ಕು ಸೆಂಟಿಮೀಟರು, ಅಂದರೆ ಎರಡು ಬೆರಳಗಲ. ತಲೆಯ ಮೇಲೆ ಹೊಂಬಣ್ಣದ ಗಟ್ಟಿಯಾದ ಬಿರುಗೂದಲುಗಳ ಕಿರೀಟವಿರುವದು. ನೀರು ಇಳಿದು ಬಂಡೆ ಬಿಸಿಲಿಗೆ ಬಿದ್ದಾಗ ಹುಳವು ಕೊಳವೆಯೊಳಗೆ ಸರಿದು ಈ ಕಿರೀಟದಿಂದಲೇ ಬಾಗಿಲನ್ನು ಮುಚ್ಚಿಕೊಳ್ಳುವದು. ಒಳಗಿನ ತೇವವು ಆರದೆ ಉಳಿಯುವದು. ನೀರು ಮರಳಿ ಬಂದೊಡನೆ ಬಾಗಿಲು ತೆರೆದು, ತಲೆಯ ಸುತ್ತಲಿನ ನೂಲಿನಂಥ ಎಳೆಗಳನ್ನು ಹೊರಚಾಚಿ, ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಜೀವಿಗಳನ್ನು ಹಿಡಿದು ತಿನ್ನುವದು.

ಇಂಥ ಇಕ್ಕಟ್ಟಾದ ಮನೆಯಲ್ಲಿ ಬಚ್ಚಲಿನ ವ್ಯವಸ್ಥೆ ಹೇಗೆಂದು ಗೃಹಿಣಿಯರು ಕೇಳಬಹುದು. ಕೊಳವೆಯ ಹಿಂದಿನ ತುದಿ ಬಂಡೆಗೆ ಹತ್ತಿರುವದು. ಇರುವದು ಒಂದೇ ಬಾಗಿಲು. ಆದಕಾರಣ ಹುಳದ ಬಾಲವು ಸಣ್ಣ ನಳಿಕೆಯಾಗಿ ಹೊಟ್ಟೆಯ ಗುಂಟ ಮುಂದಕ್ಕೆ ಮಡಚಿಕೊಂಡು ಬಂದು, ಮಲವನ್ನು ಬಾಗಿಲ ಹತ್ತಿರ ತಂದು ಹಾಕುವದು. ತೆರೆಯ ನೀರು ಅದನ್ನು ಒಯ್ಯುವದು. ನಮ್ಮ ಎಷ್ಟೋ ಹೊಸ ಮನೆಗಳಲ್ಲಿ ಇಷ್ಟು ವಿಚಾರ ಮಾಡಿ ಬಚ್ಚಲ ಹಾಕಿರುವದಿಲ್ಲ.

ಇನ್ನು ಕಟ್ಟಡದ ಮಾತು. ಉಸುಕನ್ನು ತರಲಿಕ್ಕೆ ಹುಳವು ಎಲ್ಲಿಗೂ ಹೋಗುವದಿಲ್ಲ. ಹೋಗಲಿಕ್ಕೆ ಅದಕ್ಕೆ ಕಾಲೂ ಇಲ್ಲ, ಮನೆ ಬಿಟ್ಟರೆ ಬದುಕೂ ಇಲ್ಲ. ತೆರೆಯು ಎಬ್ಬಿಸಿ ತಂದ ಉಸುಕನ್ನೇ ಎಳೆಗಳಿಂದ ಹಿಡಿಯುವದು. ಹಿಡಿದದ್ದರಲ್ಲಿ ತಿನ್ನತಕ್ಕದ್ದು ಬಾಯಿಗೆ, ಕಟ್ಟತಕ್ಕದ್ದು ಕಟ್ಟಡಕ್ಕೆ, ಎರಡಕ್ಕೂ ಬಾರದ್ದು ಹೊರಕ್ಕೆ. ಬಾಯಿಯ ಬಳಿ ಕುದುರೆಯ ಲಾಳದ ಆಕಾರದ ಒಂದು ಅಂಗವಿರುವದು; ಇದೇ ಅದರ ಕರಣಿ. ಉಸುಕಿನ ಹರಳನ್ನೋ ಚಿಪ್ಪಿನ ಚೂರನ್ನೋ ಅದರಲ್ಲಿ ಹಿಡಿದು ತಿರುವಿ ತಿರುವಿ ಅಳೆದು ನೋಡುವದು. ಸರಿಬಾರದಿದ್ದರೆ ಚೆಲ್ಲುವದು. ಸರಿಬಂದರೆ ಅದಕ್ಕೆ ಒಂದೆರಡು ಚುಕ್ಕೆ ಅಂಟನ್ನು ಹಚ್ಚಿ, ಕೊಳವೆಯ ಅಂಚಿನಲ್ಲಿ ತಕ್ಕ ಸ್ಥಳಕ್ಕೆ ಕೂಡ್ರಿಸಿ, ಸುಮಾರು ಅರ್ಧ ನಿಮಿಷದವರೆಗೆ ಒತ್ತಿ ಹಿಡಿಯುವದು. ನಡುನಡುವೆ ಅಲುಗಿಸಿ, ಹತ್ತಿತೋ ಇಲ್ಲವೋ ನೋಡಿ, ಆಮೇಲೆ ಬಿಡುವದು. ನಮ್ಮ ಗೌಂಡಿಗೆ ನಾನು ಇದನ್ನು ಹೇಳಿದಾಗ ಅವನು ನಕ್ಕು, "ಅಲುಗಿಸಿ ನೋಡೂದು ಖರೇ ಗೌಂಡಿ ಲಕ್ಷಣರಿ" ಎಂದನು.

ಕೆಲಸದ ರೀತಿ ತಿಳಿಯಿತು. ಗಚ್ಚಿನ ಗುಟ್ಟು ಉಳಿಯಿತು. ನಮ್ಮ ಹಳೆಯ ಗೌಂಡಿಗಳು ಸುಣ್ಣವನ್ನೂ ಉಸುಕನ್ನೂ ಗಾಣದಲ್ಲಿ ಅರೆದು, ಬೆಲ್ಲದ ನೀರು ಕೂಡಿಸಿ ಗಚ್ಚು ಮಾಡುತ್ತಿದ್ದರೆಂದು ಕೇಳಿದ್ದೇವೆ. ಸುಣ್ಣದ ಗಚ್ಚು ಗಾಳಿಯನ್ನು ಕುಡಿದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಗಟ್ಟಿಯಾಗುತ್ತ ಹೋಗುವದು. ಕಿತ್ತೂರಿನ ಅರಮನೆಯ ಹಾಳುಗೋಡೆಗಳ ಮುಂದೆ ನಿಂತರೆ ಆ ಗಚ್ಚಿನ ಯೋಗ್ಯತೆ ಕಣ್ಣಿಗೆ ಕಾಣುವದು. 1824ರ ಯುದ್ಧ, ಅದರ ಬಳಿಕ ಸುಮಾರು ಇನ್ನೂರು ಮಳೆಗಾಲ, ಇವುಗಳನ್ನು ಉಂಡು ಉಳಿದ ಗೋಡೆಗಳವು. ಆದರೆ ಹಸಿಯ ಗಚ್ಚನ್ನು ನೀರಿನಲ್ಲಿ ಹಾಕಿರಿ, ಕದಡಿಹೋಗುವದು. ನಮ್ಮ ಮನೆಯ ಗೋಂದು, ಪೇಟೆಯ ಅಂಟು ಇವುಗಳ ಗತಿಯೂ ಅದೇ. ಒದ್ದೆಯಾದ ವಸ್ತುವಿಗೆ ಅಂಟು ಹತ್ತುವದಿಲ್ಲ, ಏಕೆಂದರೆ ವಸ್ತುವಿಗೂ ಅಂಟಿಗೂ ನಡುವೆ ನೀರಿನ ತೆಳುಪದರು ನಿಲ್ಲುವದು. ಹುಳವು ಈ ತೊಡಕನ್ನು ಹೇಗೆ ಬಿಡಿಸಿತು?

ಅಮೇರಿಕೆಯ ಕ್ಯಾಲಿಫೋರ್ನಿಯಾ ತೀರದಲ್ಲಿ ಇದೇ ಮನೆತನದ ಇನ್ನೊಂದು ಹುಳವಿರುವದು. ಅಲ್ಲಿಯ ಜನರು ಅದಕ್ಕೆ ಉಸುಕಿನ ಕೋಟೆಯ ಹುಳವೆನ್ನುವರು. ಯೂಟಾ ವಿಶ್ವವಿದ್ಯಾಲಯದ ರಸೆಲ್ ಸ್ಟೀವರ್ಟ್ ಎಂಬ ಶಾಸ್ತ್ರಜ್ಞರು ತಮ್ಮ ಸಂಗಡಿಗರೊಡನೆ ಹಲವು ವರ್ಷ ಅದರ ಅಂಟನ್ನು ಪರೀಕ್ಷಿಸಿದರು. ಹುಳಕ್ಕೆ ಉಸುಕಿನ ಬದಲು ಗಾಜಿನ ಮಣಿಗಳನ್ನು ಕೊಟ್ಟರೆ ಅದು ಗಾಜಿನ ಮಣಿಗಳಿಂದಲೇ ಮನೆ ಕಟ್ಟಿತು! ಆಗ ಅಂಟಿನ ಚುಕ್ಕೆಗಳನ್ನು ಸ್ಪಷ್ಟವಾಗಿ ನೋಡಲಿಕ್ಕೆ ಬಂದಿತು. ಆ ಅಂಟಿನಲ್ಲಿ ಮುಖ್ಯವಾಗಿ ಎರಡು ಬಗೆಯ ಪ್ರೋಟೀನುಗಳಿರುವವು. ಒಂದು ಬಗೆಯದಕ್ಕೆ ಋಣವಿದ್ಯುತ್ತು, ಇನ್ನೊಂದಕ್ಕೆ ಧನವಿದ್ಯುತ್ತು. ಜೊತೆಗೆ ಸುಣ್ಣದ ಮತ್ತು ಮೆಗ್ನೀಸಿಯಮ್ಮಿನ ಅಂಶ. ಎದುರು ಬದುರಾದ ವಿದ್ಯುತ್ತುಳ್ಳ ಇವು ಒಂದನ್ನೊಂದು ಹಿಡಿದುಕೊಂಡು, ನೀರಿನಲ್ಲಿ ಕರಗದಂಥ ಮಂದವಾದ ಪಾಕವಾಗುವವು. ಹುಳದ ಮೈಯೊಳಗಿನ ಚೀಲಗಳಲ್ಲಿ ಈ ಸರಕು ಹುಳಿಯಾಗಿರುವದು. ಕಡಲಿನ ನೀರು ಕ್ಷಾರವುಳ್ಳದ್ದು. ಹುಳಿಯಿಂದ ಕ್ಷಾರಕ್ಕೆ ಬಂದೊಡನೆ, ಅಂದರೆ ಹೊರಬಿದ್ದೊಡನೆ, ಅದು ಹೆಪ್ಪುಗಟ್ಟುವದು. ಅರ್ಧ ನಿಮಿಷದ ಕೆಲಸವಿದು. ಬಳಿಕ ಕೆಲವು ತಾಸುಗಳಲ್ಲಿ ಅದು ಕಂದುಬಣ್ಣಕ್ಕೆ ತಿರುಗಿ ತೊಗಲಿನಂತೆ ಬಿಗಿಯುವದು. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವದನ್ನು ಅಡಿಗೆಮನೆಯಲ್ಲಿ ನಿತ್ಯ ಕಾಣುವೆವಷ್ಟೆ. ಅಲ್ಲಿ ನಡೆಯುವ ರಸಾಯನಕ್ರಿಯೆಗೂ ಇಲ್ಲಿಯದಕ್ಕೂ ಹತ್ತಿರದ ಸಂಬಂಧವಿದೆ.

ನಮ್ಮ ಹುಡುಗನು ಏಕೆ ಮೋಹಿತನಾದನೆಂಬುದು ಈಗ ತಿಳಿಯಬಹುದು. ಮನುಷ್ಯನ ಮೈಯೊಳಗೂ ಎಲ್ಲವೂ ಒದ್ದೆ, ಉಪ್ಪು. ಎಲುವು ದೊಡ್ಡ ತುಂಡಾಗಿ ಮುರಿದರೆ ಪಟ್ಟಿ, ತಿರುಪು ಹಾಕಿ ಕೂಡಿಸಬಹುದು. ನುಚ್ಚುನೂರಾದರೆ ಆ ಚೂರುಗಳಿಗೆ ತಿರುಪು ಹಾಕುವದೆಲ್ಲಿ? ಒದ್ದೆಯಲ್ಲಿ ಹತ್ತುವ, ಮೈಗೆ ವಿಷವಾಗದ ಅಂಟು ಬೇಕು. ಸ್ಟೀವರ್ಟರ ಗುಂಪಿನವರು ಹುಳದ ಅಂಟನ್ನು ಅನುಕರಿಸಿ ಒಂದು ಅಂಟನ್ನು ಸಿದ್ಧಮಾಡಿ, 2010ರ ಸುಮಾರಿಗೆ ಇಲಿಗಳ ತಲೆಬುರುಡೆಯ ಚೂರುಗಳನ್ನು ಕೂಡಿಸಿ ನೋಡಿದರು. ಪ್ರಯೋಗದ ದಾರಿ ಉದ್ದವಾದದ್ದು. ನಾಳೆಯೇ ದವಾಖಾನೆಗೆ ಬಂದೀತೆಂದು ವಾಚಕರು ತಿಳಿಯಬಾರದು.

ಇಲ್ಲಿ ಒಂದು ಅಡ್ಡಮಾತು. ಮಲಪ್ರಭೆಯು ಹುಟ್ಟುವ ಖಾನಾಪುರದ ಘಟ್ಟದ ಕಡೆ, ಹಳ್ಳಗಳ ತಿಳಿನೀರಿನಲ್ಲಿ ಕಲ್ಲು ಎತ್ತಿ ನೋಡಿದರೆ ಉಸುಕಿನ ಹರಳುಗಳನ್ನೋ ಕಸಕಡ್ಡಿಗಳನ್ನೋ ಹೆಣೆದು ಸಣ್ಣ ಕೊಳವೆ ಮಾಡಿಕೊಂಡ ಹುಳಗಳು ಕಾಣಸಿಗುವವು. ಇವು ಪತಂಗವನ್ನು ಹೋಲುವ ಒಂದು ಕೀಟದ ಮರಿಗಳು. ಕಡಲಹುಳಕ್ಕೂ ಇವಕ್ಕೂ ಯಾವ ನಂಟೂ ಇಲ್ಲ. ಇವು ಅಂಟಿನ ಬದಲು ರೇಶಿಮೆಯನ್ನು ಉಗುಳುವವು. ಆದರೆ ಆ ರೇಶಿಮೆಯಲ್ಲಿಯೂ ಕಡಲಹುಳದ ಅಂಟಿನಲ್ಲಿದ್ದಂಥ ರಂಜಕದ ಅಂಶವಿರುವದೆಂದು 2010ರಲ್ಲಿ ಇದೇ ಸ್ಟೀವರ್ಟರು ತೋರಿಸಿಕೊಟ್ಟರು. ಒಂದು ಸಿಹಿನೀರಿನದು, ಒಂದು ಉಪ್ಪುನೀರಿನದು; ಒಂದರ ಮುಖವನ್ನು ಇನ್ನೊಂದು ಕಂಡದ್ದಿಲ್ಲ; ಆದರೂ ಒದ್ದೆಯಲ್ಲಿ ಕಟ್ಟುವ ಉಪಾಯ ಎರಡಕ್ಕೂ ಒಂದೇ ಹೊಳೆದಿದೆ.

ಮನೆ ಒಂದಾದರೆ ಅದು ಊರಾಗುವದು ಹೇಗೆ? ಈ ಹುಳಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಮನೆ ಬಿಟ್ಟು ಹೊರಬಾರದ ಕಾರಣ ಅವು ತಮ್ಮ ಬೀಜಗಳನ್ನು ನೀರಿಗೇ ಬಿಡುವವು. ಕೂಡಿಕೆಯು ನೀರಿನಲ್ಲಿಯೇ ಆಗುವದು. ಹುಟ್ಟಿದ ಮರಿಯು ಕಣ್ಣಿಗೆ ಕಾಣದಷ್ಟು ಸಣ್ಣದು. ಉದ್ದ ಬಿರುಗೂದಲುಗಳನ್ನು ಹರವಿಕೊಂಡು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ, ಕಡಲಲ್ಲಿ ತೇಲಾಡುವದು. ಕೊನೆಗೆ ನೆಲೆಗೆ ನಿಲ್ಲಬೇಕು. ಎಲ್ಲಿ? ಪ್ಲಿಮತ್ ನಗರದ ಪ್ರಯೋಗಶಾಲೆಯಲ್ಲಿದ್ದ ಡಗ್ಲಸ್ ವಿಲ್ಸನ್ನರು ಈ ಪ್ರಶ್ನೆಗೆ ಬೆನ್ನುಹತ್ತಿದರು. ನಮ್ಮ ಹುಡುಗನು ಹೋಗಿದ್ದ ಅದೇ ಡಕ್‌ಪೂಲಿನ ಗುಪ್ಪೆಗಳನ್ನು ಅವರು 1961ರಿಂದ 1970ರವರೆಗೆ ನೋಡುತ್ತ ಬಂದರು. ಮರಿಗಳನ್ನು ಗಾಜಿನ ಪಾತ್ರೆಗಳಲ್ಲಿ ಬೆಳೆಸಿ, ಬರಿಯ ಉಸುಕನ್ನೂ ಹಳೆಯ ಮನೆಗಳ ಚೂರುಗಳನ್ನೂ ಮುಂದಿಟ್ಟು ಪರೀಕ್ಷಿಸಿದರು. ಮರಿಯು ಹಳೆಯ ಕೊಳವೆಯ ಅಂಟನ್ನು ಮುಟ್ಟಿದಾಗಲೇ ಹೆಚ್ಚಾಗಿ ರೂಪ ಬದಲಿಸಿ ನೆಲೆಯೂರುವದೆಂದು ಅವರ 1968ರ ಬರಹದಿಂದ ತಿಳಿಯುವದು. ಅಂದರೆ ಮರಿಯು ತನ್ನ ಕುಲದವರು ಉಳಿದು ಬಾಳಿದ ಸ್ಥಳವನ್ನು ಹುಡುಕುವದು. ಕಟ್ಟಿದವರು ಸತ್ತಿದ್ದರೂ ಚಿಂತೆಯಿಲ್ಲ. ಮನೆಯ ಗಚ್ಚಿನ ಗುರುತು ಸಾಕು.

ಹೀಗೆ ಹಿರಿಯರ ಮನೆಗಳ ಮೇಲೆ ಮಕ್ಕಳು, ಮಕ್ಕಳ ಮನೆಗಳ ಮೇಲೆ ಮೊಮ್ಮಕ್ಕಳು. ಒಂದು ಹುಳದ ಆಯುಷ್ಯ ಸಾಧಾರಣವಾಗಿ ಮೂರು-ನಾಲ್ಕು ವರ್ಷ, ಕ್ವಚಿತ್ತಾಗಿ ಒಂಬತ್ತು. ಗುಪ್ಪೆಯ ಆಯುಷ್ಯ ಅದಕ್ಕಿಂತ ಬಹಳ ಹೆಚ್ಚು. ಫ್ರಾನ್ಸ್ ದೇಶದ ಮೊಂ-ಸಾಂ-ಮಿಶೆಲ್ ಕೊಲ್ಲಿಯಲ್ಲಿ ಯೂರೋಪ ಖಂಡದಲ್ಲಿಯೇ ದೊಡ್ಡದಾದ ಇಂಥ ಹುಳಗಳ ದಿಬ್ಬವಿರುವದು. ಒಂದು ಚದರ ಮೀಟರು ಸ್ಥಳದಲ್ಲಿ ಹತ್ತಾರು ಸಾವಿರ ಹುಳಗಳು ವಾಸಿಸುವವು. ನಮ್ಮ ಬೈಲಹೊಂಗಲ ಪೇಟೆಯ ಜನಸಂಖ್ಯೆಯು ಒಂದು ಕಂಬಳಿಯ ಮೇಲೆ ಕೂತಂತಾಯಿತು. ದಿಬ್ಬದ ಸಂದುಗೊಂದುಗಳಲ್ಲಿ ಏಡಿ, ಶಂಖದ ಹುಳು, ಸಣ್ಣ ಮೀನು ಮೊದಲಾದ ಪರಕೀಯ ಒಕ್ಕಲುಗಳೂ ಸೇರಿಕೊಳ್ಳುವವು.

ಇಷ್ಟು ಗಟ್ಟಿಯಾದ ಊರಿಗೂ ಕೇಡು ಇಲ್ಲದಿಲ್ಲ. 1962-63ರ ಚಳಿಗಾಲವು ಬ್ರಿಟನ್ನಿನಲ್ಲಿ ಬಹು ಕಠೋರವಾಗಿದ್ದಿತು. ಆಗ ಅನೇಕ ತೀರಗಳಲ್ಲಿ ಈ ಹುಳಗಳು ಹೆಪ್ಪುಗಟ್ಟಿ ಸತ್ತವು. ತೆರೆಯ ಸೆಳೆತ ಕಡಿಮೆಯಾಗಿ ಉಸುಕು ಏಳದಿದ್ದರೆ ಕಟ್ಟಡ ನಿಲ್ಲುವದು. ಉಸುಕು ಹೆಚ್ಚಾಗಿ ಬಂದು ಬಹುಕಾಲ ಮುಚ್ಚಿದರೆ ಉಸಿರು ನಿಲ್ಲುವದು. ಇವು ಪ್ರಕೃತಿಯ ಕೇಡುಗಳು. ಇವುಗಳಿಂದ ಊರು ಮತ್ತೆ ಚೇತರಿಸಿಕೊಳ್ಳಬಹುದು. ಮನುಷ್ಯರ ಕಾಲುಗಳ ಮಾತು ಬೇರೆ. ಫ್ರಾನ್ಸಿನ ದಿಬ್ಬದ ಮೇಲೆ ಚಿಪ್ಪು ಆಯುವವರು ಇಳಿತದ ಹೊತ್ತಿಗೆ ಹತ್ತಿ ತುಳಿದಾಡಿ, ಚಿಪ್ಪಿನ ಸಲುವಾಗಿ ಗುಪ್ಪೆಗಳನ್ನು ಮೀಟಿ ಒಡೆಯುವರು. ತೆರೆಯ ಪೆಟ್ಟನ್ನು ತಾಳುವ ಮನೆಯು ಸಲಿಕೆಯ ಪೆಟ್ಟನ್ನು ತಾಳಲಾರದು. ಯೂರೋಪಿನ ರಾಷ್ಟ್ರಗಳು 1992ರಲ್ಲಿ ಮಾಡಿಕೊಂಡ ಕಾನೂನಿನಲ್ಲಿ ಇಂಥ ದಿಬ್ಬಗಳನ್ನು ಕಾಪಾಡತಕ್ಕ ನೆಲೆಗಳಲ್ಲಿ ಸೇರಿಸಿದ್ದಾರೆ. ಆದರೆ ಕಾನೂನು ಪುಸ್ತಕದಲ್ಲಿರುವದು, ಚಿಪ್ಪು ಆಯುವವನು ದಂಡೆಯಲ್ಲಿರುವನು.

ನಮ್ಮ ಕಡೆಯ ಕಡಲಿನಲ್ಲಿ ಈ ಕುಲದವರು ಇಲ್ಲವೇ ಎಂದು ಕೇಳಿದರೆ, ಸಾಬೆಲ್ಲಾರಿಯಾದ ಒಂದು ಜಾತಿಯನ್ನು ಸಿಂಹಳದ್ವೀಪದಿಂದ 1961ರಲ್ಲಿ ವರ್ಣಿಸಿ ಚಂದ್ರೆಯ ಹೆಸರಿನಿಂದ ಕರೆದಿದ್ದಾರೆ. ನಮ್ಮ ಕಾರವಾರದಲ್ಲಿ ಯಾವನೂ ಸುಲಭವಾಗಿ ನೋಡಬಹುದಾದದ್ದು ಇದರ ಸೋದರಸಂಬಂಧಿ, ಸುಣ್ಣದ ಕೊಳವೆಯ ಹುಳ. ದೋಣಿಗಳ ಅಡಿಗೆ, ನೀರಲ್ಲಿ ನಿಂತ ಕಂಬಗಳಿಗೆ, ಕಲ್ಲುಗಳಿಗೆ ಬಿಳಿಯ ಸೇವಿಗೆಯ ಎಳೆಗಳನ್ನು ಚೆಲ್ಲಿದಂತೆ ಇದು ಹತ್ತಿಕೊಂಡಿರುವದು. ಇದು ಉಸುಕನ್ನು ಕಾಯುವದಿಲ್ಲ. ಸುಣ್ಣವನ್ನು ತಾನೇ ಸ್ರವಿಸಿ ಗೋಡೆ ಎಬ್ಬಿಸುವದು. ದೋಣಿಯವರಿಗೆ ಇದರ ಮೇಲೆ ಪ್ರೀತಿಯಿಲ್ಲ, ಕೆರೆಕೆರೆದು ತೆಗೆಯುವರು. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸಮುದ್ರದ ಜೀವಿಗಳ ಅಭ್ಯಾಸದ ಸಲುವಾಗಿಯೇ ಒಂದು ವಿಭಾಗವನ್ನು ನಡೆಯಿಸುತ್ತ ಬಂದಿದೆ. ಕಾರವಾರಕ್ಕೆ ಹೋದ ನಮ್ಮ ಬಯಲುಸೀಮೆಯ ಜನರು ತೆರೆಯಲ್ಲಿ ಕಾಲು ತೋಯಿಸಿಕೊಂಡು, ಮೀನು ತಿಂದು ಬರುವರು. ಇಳಿತದ ಹೊತ್ತಿಗೆ ಬಂಡೆಯ ಹತ್ತಿರ ಐದು ನಿಮಿಷ ಕುಕ್ಕರಗಾಲಿನಲ್ಲಿ ಕೂತು ನೋಡಿದರೆ ಖರ್ಚೇನೂ ಬೀಳದು.

ಇದನ್ನೆಲ್ಲ ಒಂದು ಸಂಜೆ ಪಡಸಾಲೆಯಲ್ಲಿ ಕೂತು ಮನೆಯವರಿಗೆ ಓದಿ ಹೇಳುತ್ತಿದ್ದೆನು. ಎಂಟನೆಯ ಇಯತ್ತೆಯ ನನ್ನ ಮಗಳು ಹಿತ್ತಲಿಗೆ ಹೋಗಿ ಬಂದು, "ಅಪ್ಪಾ, ನಮ್ಮ ಒಗಿಯೂ ಕಲ್ಲೂ ಉಸುಕಿಂದ ಐತಿ. ಕಂದೀಲು ಹಿಡದು ನೋಡಿದೆ. ಹಳ್ಳು ಮಿಣಮಿಣ ಅಂತಾವ. ಅದನ್ನೂ ಹುಳ ಕಟ್ಟಿದ್ದೇನು?" ಎಂದಳು.

ಈ ಪ್ರಶ್ನೆಗೆ ಉತ್ತರವು ನನ್ನಲ್ಲಿ ಇರಲಿಲ್ಲ. ಉತ್ತರಕ್ಕಾಗಿ ಒಂದು ಆದಿತ್ಯವಾರ ನಾವೆಲ್ಲರೂ ಸವದತ್ತಿಗೆ ಹೊರಟೆವು. ಅವ್ವನಿಗೆ ಎಲ್ಲಮ್ಮನ ದರ್ಶನವಾಯಿತು. ಮಗಳಿಗೆ ಗುಡ್ಡವು ದೊರೆಯಿತು. ಅಲ್ಲಿಂದ ನವಿಲುತೀರ್ಥಕ್ಕೆ ಹೋದೆವು. ಮಲಪ್ರಭೆಯು ಗುಡ್ಡವನ್ನು ಸೀಳಿಕೊಂಡು ಹೊರಬೀಳುವ ಸ್ಥಳವಿದು. ಗುಡ್ಡದ ಎರಡು ತೋಳುಗಳು ಅಲ್ಲಿ ಎಷ್ಟು ಹತ್ತಿರ ಬಂದಿರುವವೆಂದರೆ, 37 ಟಿ.ಎಂ.ಸಿ.ಗೂ ಹೆಚ್ಚು ನೀರು ಹಿಡಿಯುವ ರೇಣುಕಾಸಾಗರಕ್ಕೆ ಸುಮಾರು 155 ಮೀಟರು ಉದ್ದದ ಕಟ್ಟೆಯು ಸಾಕಾಗಿದೆ. ಉಳಿದ ಗೋಡೆಯನ್ನು ಗುಡ್ಡವೇ ಆಗಿಕೊಟ್ಟಿದೆ. ಆ ಗುಡ್ಡದ ಕಲ್ಲು ಯಾವದೆಂದರೆ ನಮ್ಮ ಹಿತ್ತಲಲ್ಲಿದ್ದದ್ದೇ. ಹಾಸುಬಂಡೆಗಳ ಮೇಲೆ ಅವೇ ಏಣುಗಳು. ಒಂದು ಬಂಡೆಯಲ್ಲಿ ಬಡಗಣಕ್ಕೆ, ಅದರ ಮೇಲಿನ ಪದರಿನಲ್ಲಿ ಓರೆಯಾಗಿ. ಮಗಳು ಒಂದರಿಂದೊಂದಕ್ಕೆ ಜಿಗಿಯುತ್ತ ಎಣಿಸತೊಡಗಿ, ಕೊನೆಗೆ ಎಣಿಕೆ ಬಿಟ್ಟಳು.

ಈ ಸೀಮೆಯ ಕಲ್ಲುಗಳನ್ನು ಶಾಸ್ತ್ರರೀತಿಯಿಂದ ನೋಡಿ ಬರೆದವನು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನು. ದಕ್ಷಿಣ ಮರಾಠಾ ಸೀಮೆಯನ್ನು ಸುತ್ತಿ ಅವನು ಬರೆದ ಗ್ರಂಥವು 1876ರಲ್ಲಿ ಪ್ರಕಟವಾಯಿತು. ಇಲ್ಲಿಯ ಕಲ್ಲುಗಳ ಸಾಲಿಗೆ ಕಲಾದಗಿಯ ಹೆಸರನ್ನು ಇಟ್ಟವನು ಅವನೇ. ಭಾರತದ ಭೂಗರ್ಭಶಾಸ್ತ್ರಜ್ಞರು 1987ರಲ್ಲಿ ಇದೇ ಸಾಲನ್ನು ಮತ್ತೆ ವಿಂಗಡಿಸಿದಾಗ ಅತ್ಯಂತ ಕೆಳಗಿನ ಪದರುಗಳಿಗೆ ರಾಮದುರ್ಗದ ಹೆಸರು ಬಂದಿತು. ಅದರೊಳಗಿನ ಈ ಗಟ್ಟಿಯಾದ ಉಸುಕುಗಲ್ಲಿಗೆ ಸವದತ್ತಿಯ ಹೆಸರು. ರಾಮದುರ್ಗದವರು ತಮ್ಮ ಸಂಸ್ಥಾನವು 1948ರಲ್ಲಿ ಮುಗಿಯಿತೆಂದು ತಿಳಿದಿರಬಹುದು. ಭೂಗರ್ಭಶಾಸ್ತ್ರದಲ್ಲಿ ಅದು ಇನ್ನೂ ನಡೆದಿದೆ.

ಆ ಏಣುಗಳು ನಿಜವಾಗಿಯೂ ತೆರೆಯ ಗುರುತುಗಳೇ. ಇಂದು ಕಾರವಾರದ ದಂಡೆಯಲ್ಲಿ ನೀರು ಇಳಿದಾಗ ಉಸುಕಿನ ಮೇಲೆ ಇಂಥವೇ ಮಡಿಕೆಗಳು ಕಾಣುವವು. ನಮ್ಮ ಈ ಎರೆಸೀಮೆ, ಸವದತ್ತಿ, ರಾಮದುರ್ಗ, ಬಾಗಲಕೋಟೆಗಳ ಪ್ರದೇಶವು ಒಂದು ಕಾಲಕ್ಕೆ ಆಳವಿಲ್ಲದ ಕಡಲಿನ ದಂಡೆಯಾಗಿದ್ದಿತು. ಎಂದು? ಈ ಪದರುಗಳು ಕೂತ ಬಹುಕಾಲದ ಮೇಲೆ ಅವುಗಳನ್ನು ಸೀಳಿಕೊಂಡು ಕೆಳಗಿನಿಂದ ಕರಗಿದ ಕಲ್ಲು ಮೇಲೇರಿದೆ. ಹಾಗೆ ಏರಿದ ಕಲ್ಲಿನ ವಯಸ್ಸು ಸುಮಾರು 115 ಕೋಟಿ ವರ್ಷಗಳೆಂದು 2018ರಲ್ಲಿ ಪ್ರಕಟವಾದ ಶೋಧವು ತಿಳಿಸುವದು. ನಮ್ಮ ಉಸುಕುಗಲ್ಲು ಅದಕ್ಕಿಂತಲೂ ಹಳೆಯದು.

ಮಗಳ ಪ್ರಶ್ನೆಗೆ ಉತ್ತರವು ಇಲ್ಲಿದೆ. ಆ ಕಡಲಿನಲ್ಲಿ ಹುಳವೇ ಇರಲಿಲ್ಲ. ಏಡಿಯಿಲ್ಲ, ಚಿಪ್ಪಿಲ್ಲ, ಮೀನಿಲ್ಲ. ಯಾವ ಪ್ರಾಣಿಯೂ ಇನ್ನೂ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಹುಳಗಳು ನೆಲದಲ್ಲಿ ಬಿಲ ಕೊರೆಯತೊಡಗಿದ್ದು ಸುಮಾರು 55 ಕೋಟಿ ವರ್ಷಗಳ ಈಚೆಗೆ. ನಮ್ಮ ಕಲ್ಲಿನ ಏಣುಗಳು ಇಷ್ಟು ಅಂದವಾಗಿ ಉಳಿದದ್ದಕ್ಕೂ ಇದೇ ಒಂದು ಕಾರಣ. ಇಂದಿನ ಕಡಲದಂಡೆಯ ಉಸುಕನ್ನು ಹುಳಗಳೂ ಏಡಿಗಳೂ ದಿನವೂ ಅಗೆದು ತಿರುವಿಹಾಕುವವು. ಇಂದಿನ ತೆರೆಯ ಗುರುತು ನಾಡದಿಗೆ ಇರುವದಿಲ್ಲ. ಅಂದು ತಿರುವಿಹಾಕುವವರು ಯಾರೂ ಇರಲಿಲ್ಲ. ತೆರೆ ಬರೆಯಿತು, ಮೇಲೆ ಉಸುಕು ಮುಚ್ಚಿತು, ಬರೆದದ್ದು ಬರೆದ ಹಾಗೆ ಕಲ್ಲಾಯಿತು. ಕಟ್ಟುವವರು ಮಾತ್ರ ಅಂದೂ ಇದ್ದರು. ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುತ್ತಿನ ಸುಣ್ಣಗಲ್ಲಿನಲ್ಲಿ, ಉಳ್ಳಾಗಡ್ಡಿಯನ್ನು ಅಡ್ಡ ಕೊಯ್ದಂತೆ ಪದರುಪದರಾದ ಗುಮ್ಮಟಗಳು ಕಾಣುವವು. ಬರಿಗಣ್ಣಿಗೆ ಕಾಣದ ಪಾಚಿಯಂಥ ಜೀವಾಣುಗಳು ಚಾಪೆಯಂತೆ ಹಬ್ಬಿ, ನೀರಿನ ಸುಣ್ಣವನ್ನೂ ಕೆಸರನ್ನೂ ಹಿಡಿದು, ಒಂದರ ಮೇಲೊಂದು ಪದರು ಎಬ್ಬಿಸಿ ಮಾಡಿದ ಕೆಲಸವದು. ಸಾಬೆಲ್ಲಾರಿಯಾದ ಹುಳವು ಇಂದು ಮಾಡುವದೂ ಅದೇ ಕಸಬು. ಆ ಅಂಗಡಿ ಬಹಳ ಹಳೆಯದು.

ನವಿಲುತೀರ್ಥದಿಂದ ಬರುವಾಗ ದಾರಿಯ ಬದಿಗೆ ಒಂದು ಕಡೆ ಗುಡ್ಡವನ್ನು ಒಡೆದು ಜಲ್ಲಿಯ ಗುಪ್ಪೆ ಹಾಕಿದ್ದರು. ಕಾರು ನಿಲ್ಲಿಸಲು ಹೇಳಿ ಮಗಳು ಇಳಿದು ಹೋಗಿ ಅಂಗೈಯಗಲದ ಒಂದು ಚೂರನ್ನು ತಂದಳು. ಅದರ ಮೇಲೆ ಒಂದೂವರೆ ಏಣು ಉಳಿದಿದ್ದಿತು. ಯಾರೂ ಏನೂ ಮಾತಾಡಲಿಲ್ಲ. ನಾವು ಕಟ್ಟಿಸುತ್ತಿದ್ದ ಕೋಣೆಗೆ ಜಲ್ಲಿ ಎಲ್ಲಿಯದೆಂದು ನಾನು ವ್ಯಾಪಾರಿಯನ್ನು ಕೇಳಿರಲಿಲ್ಲ. ಉಸುಕಿನ ಸಂಗತಿಯಂತೂ ಹೇಳತಕ್ಕದ್ದಲ್ಲ. ಹೊಳೆಯ ಉಸುಕೇ ಬೇಕೆಂದು ನಾನೇ ಹಟ ಹಿಡಿದದ್ದರಿಂದ, ರಾತ್ರಿ ಎರಡು ಗಂಟೆಗೆ ದೀಪ ಆರಿಸಿದ ಲಾರಿಯೊಂದು ಬಂದು ಬಾಗಿಲ ಮುಂದೆ ಸುರಿದು ಹೋಗಿದ್ದಿತು. ಪಾವತಿ ಕೇಳಿದರೆ ಡ್ರೈವರನು ನಕ್ಕನು. ಹುಳವು ತೆರೆಯು ಕೊಟ್ಟದ್ದನ್ನು ಹರಳು ಹರಳಾಗಿ ಆಯ್ದುಕೊಳ್ಳುವದನ್ನು ಓದಿ ಹೇಳುವಾಗ ನನ್ನ ದನಿ ಸ್ವಲ್ಪ ತಗ್ಗಿದ್ದಕ್ಕೆ ಕಾರಣವಿದು, ಮನೆಯವರು ಗುರುತಿಸಿರಲಿಕ್ಕಿಲ್ಲ.

ಮರುದಿನ ಗೌಂಡಿಯು ಸುತ್ತಿಗೆಯೊಡನೆ ಬಂದನು. ನಾನು ಬಾಯಿ ತೆರೆಯುವ ಮೊದಲೇ ಅವ್ವನು ಹಿತ್ತಲಿಗೆ ಬಂದು, ಒಂದು ಸೀರೆಯನ್ನು ಕಲ್ಲಿನ ಮೇಲೆ ಹರವಿ, ನೀರು ಸುರಿದು ತಿಕ್ಕತೊಡಗಿದಳು. ಯಂತ್ರ ಬಂದಂದಿನಿಂದ ಅವಳು ಅರಿವೆ ಒಗೆದದ್ದನ್ನು ನಾನು ಕಂಡಿರಲಿಲ್ಲ. ಗೌಂಡಿಯು ನಿಂತು ನೋಡಿ, ಸುತ್ತಿಗೆಯನ್ನು ಚೀಲದಲ್ಲಿಟ್ಟು, ದಾರ ಹಿಡಿದು ಗೋಡೆಯ ಗೆರೆಯನ್ನು ಮತ್ತೆ ಅಳೆದನು. ಕೋಣೆಯು ಒಂದೂವರೆ ಮೊಳ ಚಿಕ್ಕದಾಯಿತು. ಮಂಚವು ಅದರಲ್ಲಿ ಅಡ್ಡಲಾಗಿ ಹಿಡಿಯುವದಿಲ್ಲ, ಉದ್ದವಾಗಿ ಹಾಕಿದ್ದೇವೆ. ರಾಮದುರ್ಗದ ಪದರಿನ ಆ ಒಂದೂವರೆ ಏಣಿನ ಚೂರನ್ನು ಮಗಳು ಕಿಟಕಿಯಲ್ಲಿಟ್ಟಿದ್ದಾಳೆ. ಅದರ ಪಕ್ಕದಲ್ಲಿ ಡಕ್‌ಪೂಲಿನ ಗುಪ್ಪೆಯ ಚಿತ್ರವಿರುವದು. ಬರುವಾಗ ಆ ಗುಪ್ಪೆಯ ಒಂದು ತುಂಡು ತಾ ಎಂದು ಅವಳು ಅಣ್ಣನಿಗೆ ಬರೆದಿದ್ದಳು. ತರುವದಿಲ್ಲವೆಂದು ಅವನು ಉತ್ತರ ಬರೆದನು.